ಸಿರಿಂಜ್‌ಗೆ ಮಜ್ಜೆ ಬಾರದಿದ್ದಾಗ

ರಕ್ತಕಣಗಳು ತಯಾರಾಗುವ ಮಜ್ಜೆಯನ್ನು ಪರೀಕ್ಷೆಗೆ ತೆಗೆಯಲು ಸೊಂಟದ ಮೂಳೆಗೆ ಸೂಜಿ ಇಳಿಸಿ ಸಿರಿಂಜ್ ಎಳೆದರೆ ಕೆಲವೊಮ್ಮೆ ಒಂದು ಹನಿಯೂ ಬರುವುದಿಲ್ಲ. ಜಾಗ ಬದಲಿಸಿದರೂ ಅಷ್ಟೇ. ನಾವು ಇದನ್ನು ‘ಡ್ರೈ ಟ್ಯಾಪ್’ ಅನ್ನುತ್ತೇವೆ. ಹೊಸ ಡಾಕ್ಟರಾದರೆ ತನ್ನ ಕೈಯೇ ಸರಿಯಿಲ್ಲವೆಂದು ಬೆವರುತ್ತಾರೆ. ಆದರೆ ರಕ್ತಕಣಗಳ ಸಂಖ್ಯೆಯೆಲ್ಲ ಕುಸಿದು, ಸ್ಲೈಡಿಗೆ ಸವರಿದ ರಕ್ತದಲ್ಲಿ ಅಲ್ಲೊಂದು ಇಲ್ಲೊಂದು ಬ್ಲಾಸ್ಟ್ ಎಂಬ ಬಲಿಯದ ಕೋಶ ಕಂಡಿದ್ದರೆ ನನ್ನ ಅನುಮಾನ ಕೈಯ ಮೇಲಲ್ಲ, ಮಜ್ಜೆಯ ಮೇಲೆ.

ಪ್ಲೇಟ್‌ಲೆಟ್ ತಯಾರಿಸುವ ಮೆಗಾಕ್ಯಾರಿಯೋಸೈಟ್‌ಗಳ ಎಳೆಯ ರೂಪ ಹತೋಟಿ ಮೀರಿ ಬೆಳೆದರೆ ಅದು ಅಕ್ಯೂಟ್ ಮೆಗಾಕ್ಯಾರಿಯೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್. ಡೌನ್ ಸಿಂಡ್ರೋಮ್ ಇರುವ ಪುಟ್ಟ ಮಕ್ಕಳಲ್ಲಿ ಇದರ ನೆನಪು ತಾನಾಗಿ ಬರುತ್ತದೆ, ದೊಡ್ಡವರಲ್ಲಿ ನೆನಪಾಗುವುದಿಲ್ಲ. ಅವರಲ್ಲಿ ಅಷ್ಟು ಅಪರೂಪ. ಈ ಕೋಶಗಳು ಸ್ರವಿಸುವ ಟಿಜಿಎಫ್-ಬೀಟಾದಂಥ ವಸ್ತುಗಳಿಂದ ಮಜ್ಜೆಯೊಳಗೆ ನಾರು ಬೆಳೆಯುತ್ತದೆ. ನಾರಿನಲ್ಲಿ ಸಿಕ್ಕಿಕೊಂಡ ಕೋಶ ಎಳೆದರೆ ಬಂದೀತೆ?

ಆಗ ಮೂಳೆಯ ಸಣ್ಣ ಕಡ್ಡಿಯನ್ನೇ ತೆಗೆಯಬೇಕು, ಅಂದರೆ ಟ್ರೆಫೈನ್ ಬಯಾಪ್ಸಿ. ಅದನ್ನು ಕೆಡದಂತೆ ಕಾಪಾಡುವ ಫಾರ್ಮಲಿನ್‌ಗೆ ಹಾಕುವ ಮುಂಚೆ ಸ್ಲೈಡಿಗೆ ಮೆಲ್ಲಗೆ ಒತ್ತಿ ಅಚ್ಚು ತೆಗೆಯಿರಿ ಎಂದು ವಾರ್ಡಿಗೆ ಫೋನ್ ಮಾಡಿ ಕಾಡುವುದು ನನ್ನ ಚಾಳಿ. ಮೂಳೆಯ ಸುಣ್ಣ ಕರಗಿಸಿ, ಕತ್ತರಿಸಿ, ಬಣ್ಣ ಹಾಕುವುದಕ್ಕೆ ದಿನಗಳು ಬೇಕು. ಅಚ್ಚನ್ನು ಅವತ್ತೇ ನೋಡಬಹುದು.

ನೋಡಿದ ಮಾತ್ರಕ್ಕೆ ಮುಗಿಯಲಿಲ್ಲ. ಕೋಶದ ಅಂಚಿನಲ್ಲಿ ಗುಳ್ಳೆಯಂಥ ಚಾಚುಗಳಿದ್ದರೆ ಸುಳಿವು ಸಿಕ್ಕಿತು. ಇಲ್ಲದಿದ್ದರೆ ಇವು ಥೇಟ್ ಲಿಂಫೋಬ್ಲಾಸ್ಟ್‌ಗಳ, ಅಂದರೆ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಎಳೆಯ ರೂಪದ ಹಾಗೆಯೇ. ಮೈಲಾಯ್ಡ್ ಲ್ಯುಕೇಮಿಯಾ ಗುರುತಿಸುವ ಮೈಲೋಪೆರಾಕ್ಸಿಡೇಸ್ ಬಣ್ಣವೂ ಹಿಡಿಯುವುದಿಲ್ಲವಾದ್ದರಿಂದ ಎಎಲ್ಎಲ್ (ಲಿಂಫೋಬ್ಲಾಸ್ಟ್‌ಗಳ ಲ್ಯುಕೇಮಿಯಾ) ಎಂದು ಬರೆದುಬಿಡುವ ಅವಸರ ಸಹಜ. ನಾನೂ ಒಮ್ಮೆ ಪೆನ್ನು ಎತ್ತಿದವನೇ. 1985ರಲ್ಲಿ ಎಫ್ಎಬಿ (ಫ್ರೆಂಚ್-ಅಮೆರಿಕನ್-ಬ್ರಿಟಿಷ್) ತಜ್ಞರ ಗುಂಪು ಇದಕ್ಕೆ ಎಂ7 ಎಂಬ ಹೆಸರು ಕೊಟ್ಟಾಗ, ಪ್ಲೇಟ್‌ಲೆಟ್ ಪೆರಾಕ್ಸಿಡೇಸ್ ಎಂಬ ಕಿಣ್ವವನ್ನು ಹುಡುಕಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕಾಗುತ್ತಿತ್ತು. ಈಗ ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ನೋಡುವ ಫ್ಲೋ ಸೈಟೋಮೆಟ್ರಿಯಲ್ಲಿ ಪ್ಲೇಟ್‌ಲೆಟ್ ವಂಶದ ಗುರುತುಗಳಾದ ಸಿಡಿ41, ಸಿಡಿ61 ನೋಡುತ್ತೇವೆ. ಅದರಲ್ಲೂ ಒಂದು ಮೋಸವಿದೆ: ಬೇರೆ ಬ್ಲಾಸ್ಟ್‌ಗಳ ಮೈಗೆ ಪ್ಲೇಟ್‌ಲೆಟ್ ಅಂಟಿಕೊಂಡಿದ್ದರೂ ಈ ಗುರುತುಗಳು ಪಾಸಿಟಿವ್ ಬರುತ್ತವೆ. ಕೋಶದ ಒಳಗೂ ಇವೆಯೇ ಎಂದು ನೋಡದೆ ನಾನು ಸಹಿ ಹಾಕುವುದಿಲ್ಲ. ಬ್ಲಾಸ್ಟ್‌ಗಳು ಮಜ್ಜೆಯ ಅಥವಾ ರಕ್ತದ ಕೋಶಗಳಲ್ಲಿ ಶೇ. 20ಕ್ಕೆ ಕಡಿಮೆಯಿರಬಾರದು, ಅವುಗಳಲ್ಲಿ ಅರ್ಧವಾದರೂ ಮೆಗಾಕ್ಯಾರಿಯೋಸೈಟ್ ಜಾತಿಯವಾಗಿರಬೇಕು.

ವಯಸ್ಕರಲ್ಲಿ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಗೊತ್ತೇ ಆಗದೆ ಇದ್ದ ಸಿಎಂಎಲ್ (ನಿಧಾನವಾಗಿ ಬೆಳೆಯುವ ಇನ್ನೊಂದು ಲ್ಯುಕೇಮಿಯಾ) ಕೆರಳಿಯೂ ಇದೇ ರೂಪ ತಾಳಬಲ್ಲದು, ಗುಲ್ಮ ದೊಡ್ಡದಾಗಿದ್ದರಂತೂ ಆ ಅನುಮಾನ ಬಲವಾಗುತ್ತದೆ. ಹಾಗಿದ್ದರೆ ಚಿಕಿತ್ಸೆಗೆ ಇಮ್ಯಾಟಿನಿಬ್ ವರ್ಗದ ಮಾತ್ರೆಯೂ ಸೇರುತ್ತದೆ. ಅದಕ್ಕೆ ಸಿಎಂಎಲ್‌ನ ಗುರುತಾದ ಬಿಸಿಆರ್-ಎಬಿಎಲ್ ಜೀನ್‌ನ ಪರೀಕ್ಷೆ ಬಿಡುವಂತಿಲ್ಲ. ಮಜ್ಜೆ ಸಿಗಲಿಲ್ಲವೆಂದು ಕಾಯಬೇಕಾಗಿಯೂ ಇಲ್ಲ, ತೋಳಿನಿಂದ ತೆಗೆದ ರಕ್ತದಲ್ಲೇ ಮಾಡಬಹುದು.