ಹುಲಾ ಕಲಿತರೆ ಅಜ್ಜಿಯ ಊರು ಹತ್ತಿರವಾಗುತ್ತದಾ?

ಪ್ರಶ್ನೆ: ನನ್ನ ಸೊಸೆಯ ಅಜ್ಜಿ ಹವಾಯಿಯವರು. ಸ್ಯಾನ್ ಡಿಯಾಗೊದಲ್ಲಿ ಬೆಳೆಯುತ್ತಿರುವ ಮೊಮ್ಮಗಳನ್ನು ‘ಬೇರು ಗೊತ್ತಾಗಲಿ’ ಅಂತ ಹುಲಾ ಕ್ಲಾಸಿಗೆ ಸೇರಿಸಿದ್ದಾರೆ. ಸೊಂಟ ಬಳುಕಿಸುವ ಕುಣಿತದಿಂದ ಅದು ಹೇಗೆ ಗೊತ್ತಾಗುತ್ತದೆ?

ಉತ್ತರ: ಖಂಡಿತ ಗೊತ್ತಾಗುತ್ತದೆ. ಹುಲಾದಲ್ಲಿ ಸೊಂಟಕ್ಕಿಂತ ಮೊದಲು ಬರುವುದು ಮಾತು. ಅದರ ಹಾಡಿಗೆ ಮೆಲೆ ಅಂತಾರೆ. ಮೆಲೆ ಇಲ್ಲದೆ ಹುಲಾ ಇಲ್ಲ. ಕೈಗಳು ಹೇಳುವುದು ಅದರ ಪದಗಳನ್ನೇ.

ಹಿಲೋ ಊರಿನ ಮಳೆಗೆ ಕನಿಲೆಹುವಾ ಅಂತ ಸ್ವಂತ ಹೆಸರಿದೆ. ಹಾಡಿನಲ್ಲಿ ಮಳೆ ಬಂದಾಗ ಮೇಲೆತ್ತಿದ ಕೈಗಳು ಬೆರಳು ಅಲುಗಿಸುತ್ತಾ ಮೆಲ್ಲಗೆ ಕೆಳಗಿಳಿಯುತ್ತವೆ. ನಿಮ್ಮ ಮೊಮ್ಮಗಳು ಹಿಲೋ ನೋಡಿಲ್ಲದಿರಬಹುದು. ಆದರೂ ಅಲ್ಲಿನ ಮಳೆಯನ್ನು ಹೆಸರು ಹಿಡಿದು ಕರೆಯಲು ಕಲಿತಳು ಅಲ್ವಾ? ಗಾಳಿ, ಬೆಟ್ಟ, ರಾಣಿಯರ ಹೆಸರುಗಳೂ ಹೀಗೇ ಬಾಯಿಗೆ ಬರುತ್ತವೆ. ಒಬ್ಬ ವ್ಯಕ್ತಿಯ ಮೇಲೇ ಕಟ್ಟಿದ ಹಾಡುಗಳಿಗೆ ಮೆಲೆ ಇನೋವಾ ಅಂತ ಹೆಸರು. ಸೊಸೆಯ ಮನೆತನದಲ್ಲಿ ಅಂಥದ್ದೊಂದು ಉಳಿದಿದೆಯಾ ಅಂತ ದಯವಿಟ್ಟು ಕೇಳಿಸಿ. ಇದ್ದರೆ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ.

ಆ ಅಜ್ಜಿಗೇ ಹವಾಯಿ ಭಾಷೆ ಬರದಿದ್ದರೆ ಆಶ್ಚರ್ಯಪಡಬೇಡಿ. 1820ರಲ್ಲಿ ಕ್ರೈಸ್ತ ಮಿಷನರಿಗಳು ಬಂದರು. 1830ರಲ್ಲಿ ರಾಣಿ ಕಾಅಹುಮಾನು ಬಹಿರಂಗ ಹುಲಾ ನಿಷೇಧಿಸಿದಳು. ರಾಜ ಕಲಾಕೌವಾ 1883ರ ತನ್ನ ಪಟ್ಟಾಭಿಷೇಕದಲ್ಲಿ ಅದನ್ನು ಮತ್ತೆ ಎಲ್ಲರೆದುರು ಆಡಿಸಿದ. ಆದರೆ 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನು ಕಡ್ಡಾಯ ಮಾಡಿತು. ಎಷ್ಟೋ ಮನೆಗಳಲ್ಲಿ ಭಾಷೆ ಅಲ್ಲಿಗೇ ನಿಂತಿತು. ಹಾಡಿನೊಳಗಿದ್ದ ಪದಗಳು ಮಾತ್ರ ಉಳಿದವು. 1970ರ ದಶಕದಲ್ಲಿ ಹವಾಯಿಯ ಯುವಕರು ತಮ್ಮ ಭಾಷೆ ಹುಡುಕಿಕೊಂಡು ಹೊರಟಾಗ ಹುಲಾ ಅವರಿಗೆ ದಾರಿಯಾಯಿತು. ನನಗೆ ಇದೇ ಇಡೀ ಕಥೆಯ ಜೀವ ಅನ್ನಿಸುತ್ತದೆ.

ಒಮ್ಮೆ ಕ್ಲಾಸಿಗೆ ಹೋಗಿ ನೋಡಿ. ಹಳೆಯ ಪದ್ಧತಿ ಪಾಲಿಸುವ ಕಡೆ ಮಕ್ಕಳು ಸುಮ್ನೆ ಒಳಗೆ ನುಗ್ಗುವಂತಿಲ್ಲ. ಬಾಗಿಲಲ್ಲಿ ನಿಂತು, ಒಳಗೆ ಬರಲೇ ಅಂತ ರಾಗವಾಗಿ ಕೇಳುತ್ತಾರೆ. ಕುಮು, ಅಂದರೆ ಗುರು, ಒಳಗಿನಿಂದ ರಾಗವಾಗಿಯೇ ಕರೆದ ಮೇಲೆ ಪ್ರವೇಶ. ಕುಮು ನೆಲದ ಮೇಲೆ ಕೂತು ಎರಡು ಸೋರೆಬುರುಡೆ ಜೋಡಿಸಿದ ಇಪು ಹೆಕೆ ಹಿಡಿಯುತ್ತಾರೆ. ಅದನ್ನು ಚಾಪೆಗೆ ಕುಟ್ಟಿದರೆ ‘ಊ’, ಬೆರಳಲ್ಲಿ ತಟ್ಟಿದರೆ ‘ತೇ’. ಊ, ತೇ ತೇ. ಮಕ್ಕಳು ಮಂಡಿ ಬಾಗಿಸಿ ಬಲಕ್ಕೆ ಎರಡು ಹೆಜ್ಜೆ, ಎಡಕ್ಕೆ ಎರಡು. ಇದೇ ಕಾಹೋಲೋ. ಶುರುವಿನಲ್ಲಿ ಇದರ ಅಭ್ಯಾಸವೇ ಜಾಸ್ತಿ.

ಇಂಥದೇ ಪ್ರಶ್ನೆ ಇರುವ ಬೇರೆಯವರಿಗೆ ಒಂದು ಮಾತು. ಹುಲಾ ಹವಾಯಿಯದು, ಪೆಸಿಫಿಕ್ ಸಾಗರದ ದ್ವೀಪಗಳಾದ ಇಡೀ ಪಾಲಿನೇಷ್ಯದ್ದಲ್ಲ. ಸಮೋವಾದವರಿಗೆ ಸಿವಾ ಇದೆ, ತಾಹಿತಿಗೆ ಓತೆಆ, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳಿಗೆ ಕಪ ಹಕ. ಮನೆಯ ಹಿರಿಯರು ಯಾವ ದ್ವೀಪದವರು ಅಂತ ಮೊದಲು ವಿಚಾರಿಸಿ.

ಇನ್ನು ಮೊಮ್ಮಗಳಿಗೆ ಹೇಳಿಕೊಡಬೇಕಾದ್ದು ಇಷ್ಟೇ: ಪ್ರತಿ ಸಾಲಿನ ಅರ್ಥವನ್ನು ಕುಮು ಹತ್ತಿರ ಕೇಳು. ಅವರಿಗೆ ಕಲಿಸಿದವರು ಯಾರು, ಆ ಗುರುವಿಗೆ ಕಲಿಸಿದವರು ಯಾರು ಅಂತಲೂ ಕೇಳು. ವಿಡಿಯೋ ಕರೆಯಲ್ಲಿ ಆ ಹೆಸರುಗಳನ್ನು ನಿಮಗೂ ಹೇಳಲಿ.