ಪೆನ್ಸಿಲಿಗಿಂತ ಮೊದಲು ಶಾಡೂ ಮಣ್ಣು

ಜೂನ್‌ನಲ್ಲಿ ಶಾಲೆ ಶುರುವಾಗಿ ತಿಂಗಳು ಕಳೆಯುವಷ್ಟರಲ್ಲಿ ಮುಂಬಯಿಯ ಮುಲುಂಡಿನಲ್ಲಿರುವ ನಮ್ಮ ಬಾಲವಾಡಿಯ ಬಾಗಿಲಲ್ಲಿ ಅದೇ ತಕರಾರು: “ಟೀಚರ್, ಪಕ್ಕದ್ಮನೆ ಹುಡುಗ ಆಗ್ಲೇ ಝಡ್‌ವರೆಗೆ ಬರೀತಾನೆ. ನಮ್ಮವಳು ಬರೀ ಮಣ್ಣಲ್ಲಿ ಆಡ್ತಾಳಲ್ಲ?” ಕೇಳುವವರು ಹೆಚ್ಚಾಗಿ ನಮ್ಮ ಊರ ಕಡೆಯವರೇ. ಹೋಟೆಲು, ಬ್ಯಾಂಕು ಅಂತ ಬೆಳಗಿಂದ ದುಡಿದು, ಮಗುವಿಗೆ ಒಳ್ಳೆ ಶಾಲೆಯಲ್ಲಿ ಸೀಟು ಸಿಕ್ಕೀತೋ ಇಲ್ಲವೋ ಎಂದು ಚಡಪಡಿಸುವವರು. ಬೈಯಲು ಮನಸ್ಸಾಗುವುದಿಲ್ಲ.

ಮಗುವಿನ ಮಣಿಕಟ್ಟು ಹಿಡಿದು ತೋರಿಸುತ್ತೇನೆ. ದೊಡ್ಡವರಿಗೆ ಅಲ್ಲಿ 8 ಪುಟ್ಟ ಮೂಳೆಗಳು. ಹುಟ್ಟುವಾಗ ಅವಿನ್ನೂ ಮೆದು. ಒಂದೊಂದೇ ಗಟ್ಟಿಯಾಗುತ್ತ ಬಂದು, ಕೊನೆಯದರ ಸರದಿ ಬರುವುದು ಸುಮಾರು 9ರಿಂದ 12ರ ವಯಸ್ಸಿನಲ್ಲಿ. ಬೆರಳಿನ ಸ್ನಾಯುಗಳೂ ಎಳೆಯವೇ. ಅದಕ್ಕೇ ಮೂರರ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳು ಆಡಿಸುತ್ತದೆ.

ಗಣೇಶ ಚೌತಿಗೆ ಮುಂಚೆ ಪೇಟೆಗೆ ಶಾಡೂ ಮಣ್ಣು, ಅಂದರೆ ಮೂರ್ತಿ ಮಾಡುವ ಜೇಡಿಮಣ್ಣು, ಬರುತ್ತದಲ್ಲ, ಅದನ್ನು ತಂದು ನೆನೆಸಿ ಕೊಡುತ್ತೇವೆ. ಹಿಸುಕುತ್ತವೆ, ಹೊಸೆಯುತ್ತವೆ, ಚಿವುಟುತ್ತವೆ. ಚಿವುಟುವಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಕೂಡುತ್ತವೆ. ನಾಳೆ ಪೆನ್ಸಿಲಿಗೆ ಬೇಕಾದ ಹಿಡಿತ ಅದೇ. ಗಣಪತಿಗೆ 21 ಮೋದಕ. 7 ಮಕ್ಕಳ ಗುಂಪಿನಲ್ಲಿ ತಲೆಗೆ ಮೂರು ಎಂದು ಹಂಚಿಕೊಳ್ಳುವಾಗ ಜಗಳವೂ ಆಗುತ್ತದೆ, ಲೆಕ್ಕವೂ ಆಗುತ್ತದೆ. ಒಬ್ಬಳು “ಸೊಂಡಿಲು” ಎಂದರೆ ಮರಾಠಿ ಹುಡುಗ “ಸೋಂಡ್” ಎನ್ನುತ್ತಾನೆ. ಎರಡೂ ಒಂದೇ ಎಂದು ತಾವೇ ಕಂಡುಕೊಂಡು ನಗುತ್ತಾರೆ. ಕಲೆ, ಗಣಿತ, ಭಾಷೆ ಎಂದು ಇದನ್ನು ಬೇರೆ ಬೇರೆ ಪೀರಿಯಡ್ಡಿಗೆ ಹೇಗೆ ಕತ್ತರಿಸಲಿ?

ನಾನೂ ಎಡವಿದವಳೇ. ಮೊದಮೊದಲು ಅಚ್ಚು ಹಾಕಿದ ಗಣಪತಿಯ ಹಾಳೆ ಹಂಚಿ, ಗೆರೆ ದಾಟದಂತೆ ಬಣ್ಣ ತುಂಬಿಸುತ್ತಿದ್ದೆ. ಗೋಡೆಗೆ 20 ಹಾಳೆ ಅಂಟಿಸಿದರೆ ತಮ್ಮ ಮಗುವಿನದು ಯಾವುದೆಂದು ಹೆತ್ತವರಿಗೇ ತಿಳಿಯಲಿಲ್ಲ. ಅದಕ್ಕೆ ಕಲೆ ಎಂದು ಹೆಸರಿಟ್ಟಿದ್ದೆ!

ಹೀಗೆ ಮಣ್ಣಲ್ಲಿ ಆಡುತ್ತ ಕಲಿಯುವುದು ಹೊಸ ಫ್ಯಾಷನ್ನೂ ಅಲ್ಲ. 1945ರಲ್ಲಿ ಶಿಕ್ಷಣತಜ್ಞೆ ತಾರಾಬಾಯಿ ಮೋಡಕ್ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ ಬಾಲಶಿಕ್ಷಣ ಕೇಂದ್ರ ತೆರೆದಾಗ, ದುಬಾರಿ ಮಾಂಟೆಸ್ಸರಿ ಸಾಮಾನಿನ ಬದಲು ಊರಲ್ಲೇ ಸಿಗುವ ಎಲೆ, ಚಿಪ್ಪು, ಕಲ್ಲುಗಳನ್ನೇ ಕಲಿಕೆಯ ಸಾಮಗ್ರಿ ಮಾಡಿಕೊಂಡರು. 2020ರ ಶಿಕ್ಷಣ ನೀತಿಯೂ 3ರಿಂದ 8ರ ವಯಸ್ಸಿನವರೆಗಿನದನ್ನು ಒಂದೇ ಹಂತವೆಂದು ಕಂಡು, ಆಟದ ಕಲಿಕೆಗೆ ಜಾಗ ಕೊಟ್ಟಿದೆ. ಎರಡನೇ ತರಗತಿಯವರೆಗೆ ಎಂದಾಯಿತು. ಅವಸರವೇಕೆ?

ಒಂದೇ ಖೋಲಿಯ ಮನೆಯಲ್ಲಿ ಮಣ್ಣು ತೊಳೆಯುವವರು ಯಾರು ಎನ್ನುತ್ತೀರಿ, ಒಪ್ಪಿದೆ. ಚಪಾತಿ ಹಿಟ್ಟಿನ ಉಂಡೆ ಕೊಡಿ. ಬಟಾಣಿ ಸುಲಿಯಲಿ. ಹೊಸ್ತಿಲಾಚೆ ನಡುಚುಕ್ಕಿ ರಂಗೋಲಿ ಇಡಲಿ: ಎರಡು, ಮೂರು, ಎರಡು, ಒಟ್ಟು 7. ಗೆರೆ ಸೊಟ್ಟಗಾಯಿತೆಂದು ನೀವು ಒರೆಸಿ ತಿದ್ದಲು ಹೋಗಬೇಡಿ.