ಹವಾಲ್ದಾರ್ ಮೇಜರ್ ಅಂದರೆ ಮೇಜರ್ ಸಾಹೇಬರಾ?

ಪ್ರಶ್ನೆ: ನಮ್ಮ ಕಾಕಾ ಮಿಲಿಟರಿಯಿಂದ ರಿಟೈರ್ ಆಗಿ ಬಂದಾರ. ಮಗಳ ಲಗ್ನಪತ್ರಿಕಾದಾಗ ಅವರ ಹೆಸರಿನ ಮುಂದ ‘ಹವಾಲ್ದಾರ್ ಮೇಜರ್’ ಅಂತ ಹಾಕಬೇಕೋ, ಬರೇ ‘ಮೇಜರ್’ ಅಂದ್ರ ನಡೀತದೋ? – ಮುಧೋಳದ ಓದುಗರು

ಉತ್ತರ: ಬರೇ ‘ಮೇಜರ್’ ಅಂತ ಮಾತ್ರ ಅಚ್ಚು ಹಾಕಿಸಬೇಡಿ, ಮೊದಲು ನಗುವವರು ನಿಮ್ಮ ಕಾಕಾನ ಜೊತೆಗಾರರೇ. ಮೇಜರ್ ಅನ್ನುವುದು ಅಧಿಕಾರಿಯ ದರ್ಜೆ, ಹೆಗಲ ಮೇಲೆ ಅಶೋಕ ಸಿಂಹ. ಹವಾಲ್ದಾರ್‌ಗೆ ತೋಳಿನ ಮೇಲೆ ಮೂರು ಪಟ್ಟಿ. ಸಿಪಾಯಿ, ಲಾನ್ಸ್ ನಾಯಕ್, ನಾಯಕ್ ದಾಟಿ ಬಂದರೆ ಹವಾಲ್ದಾರ್. ಅದರ ಮೇಲೆ ಜೆಸಿಒಗಳ, ಅಂದರೆ ಜೂನಿಯರ್ ಕಮಿಷನ್ಡ್ ಅಧಿಕಾರಿಗಳ ಸಾಲು ಶುರು: ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್. ರಿಸಾಲೆಯ (ಕುದುರೆ ದಳದ) ಪರಂಪರೆಯ ಟ್ಯಾಂಕ್ ರೆಜಿಮೆಂಟುಗಳಲ್ಲಿ ಇದೇ ಹವಾಲ್ದಾರ್‌ನನ್ನು ದಫೇದಾರ್ ಅನ್ನುತ್ತಾರೆ.

ಹಾಗಾದರೆ ‘ಹವಾಲ್ದಾರ್ ಮೇಜರ್’? ಅದು ದರ್ಜೆಯಲ್ಲ, ಹವಾಲ್ದಾರ್‌ಗೇ ಕೊಡುವ ಜವಾಬ್ದಾರಿ. ಕಂಪನಿ ಅನ್ನುವ ಸೈನಿಕ ತುಕಡಿಯಲ್ಲಿ ಇಂಥವರು ಇಬ್ಬರು. ಕಂಪನಿ ಹವಾಲ್ದಾರ್ ಮೇಜರ್ ಶಿಸ್ತು, ಪರೇಡು, ಡ್ಯೂಟಿ ನೋಡಿದರೆ, ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ರೇಷನ್ನು, ಬಟ್ಟೆಬರೆ, ಸಾಮಾನು ನೋಡುತ್ತಾರೆ. ಸಂಜೆ ಎಲ್ಲರೂ ಸಾಲುಗಟ್ಟಿ ನಿಲ್ಲುವ ಫಾಲಿನ್‌ನಲ್ಲಿ ಎಷ್ಟು ಜನ ಹಾಜರು, ಎಷ್ಟು ಜನ ರಜೆ, ಯಾರು ಆಸ್ಪತ್ರೆಯಲ್ಲಿ ಅನ್ನುವ ನಫ್ರಿ ಲೆಕ್ಕ ಹವಾಲ್ದಾರ್ ಮೇಜರ್ ತಲೆಯಲ್ಲಿರಬೇಕು. ಒಂದು ತಲೆ ಕಡಿಮೆ ಬಿದ್ದರೂ ಮೊದಲ ಪ್ರಶ್ನೆ ಅವರಿಗೇ. ಉಳಿದ ಹವಾಲ್ದಾರರು ಸಾಮಾನ್ಯವಾಗಿ ಹತ್ತು ಜನರ ಸೆಕ್ಷನ್ ನಡೆಸುತ್ತಾರೆ.

ಹೆಸರಿನ ಬೇರು ನಮ್ಮ ಮಾತಿನಲ್ಲೇ ಇದೆ. ‘ಕಳ್ಳನ್ನ ಪೊಲೀಸರಿಗೆ ಹವಾಲೆ ಮಾಡಿದ್ರು’ ಅನ್ನುತ್ತೇವಲ್ಲ, ಅದೇ ಹವಾಲೆ. ಯಾರ ವಶಕ್ಕೆ ಒಪ್ಪಿಸಿದೆಯೋ ಅವನು ಹವಾಲ್ದಾರ. ಶಬ್ದ ಪಾರ್ಸಿ ಮೂಲಕ ಬಂದದ್ದು. ಆಗ ಇದು ಸಣ್ಣ ಪದವಿಯೂ ಆಗಿರಲಿಲ್ಲ. ಶಿವಾಜಿಯ ಕೋಟೆಗಳಲ್ಲಿ ಹವಾಲ್ದಾರ, ಸಬನೀಸ, ಸರನೋಬತ ಅಂತ ಮೂವರು ಮುಖ್ಯ ಅಧಿಕಾರಿಗಳು. ಕೀಲಿಕೈ ಹವಾಲ್ದಾರನದು, ಸಂಜೆ ಬಾಗಿಲು ಹಾಕುವುದು, ಬೆಳಿಗ್ಗೆ ತೆಗೆಯುವುದು ಅವನೇ ಖುದ್ದಾಗಿ ಮಾಡಬೇಕು. ಅದೇ ಸೈನ್ಯದ ಕುದುರೆ ದಳದಲ್ಲಿ 25 ಸವಾರರಿಗೆ ಒಬ್ಬ ಹವಾಲ್ದಾರ. ಈಸ್ಟ್ ಇಂಡಿಯಾ ಕಂಪನಿ ಈ ಹೆಸರನ್ನು ಎತ್ತಿಕೊಂಡು ತನ್ನ ಸಾರ್ಜೆಂಟ್‌ಗೆ ಸಮ ಮಾಡಿ ಕೂರಿಸಿತು. ಕೋಟೆ ಕಾಯುತ್ತಿದ್ದವನಿಗೆ ಇದು ಹಿಂಬಡ್ತಿ ಅಂತಲೇ ನನ್ನ ಲೆಕ್ಕ. ನಮ್ಮ ಕಡೆ ಹವಾಲ್ದಾರ, ಜಮಾದಾರ, ಕಿಲ್ಲೇದಾರ ಅಡ್ಡಹೆಸರಿನ ಮನೆಗಳು ಇವತ್ತಿಗೂ ಇವೆ. ಸೈನ್ಯದಲ್ಲಿದ್ದ ‘ಜಮಾದಾರ್’ 1965ರಲ್ಲಿ ‘ನಾಯಬ್ ಸುಬೇದಾರ್’ ಆಯಿತು. ಹವಾಲ್ದಾರ್ ಮಾತ್ರ ಉಳಿಯಿತು.

ಬೆಳಗಾವಿ ಕ್ಯಾಂಪ್ ಕಡೆ ಬೆಳಿಗ್ಗೆ ಹೋದವರಿಗೆ ಹವಾಲ್ದಾರ್ ದನಿಯ ಪರಿಚಯ ಇದ್ದೇ ಇರುತ್ತದೆ. 1922ರಿಂದ ಮರಾಠಾ ಲೈಟ್ ಇನ್‌ಫೆಂಟ್ರಿಯ ತರಬೇತಿ ಕೇಂದ್ರ ಇಲ್ಲಿದೆ. ಹೊಸದಾಗಿ ಸೇರಿದ ರಂಗರೂಟನಿಗೆ ಬೂಟು ಕಟ್ಟುವುದರಿಂದ ರೈಫಲ್ ಬಿಚ್ಚಿ ಜೋಡಿಸುವತನಕ ಕಲಿಸುವ ‘ಉಸ್ತಾದ್’ ಬಹುಪಾಲು ನಾಯಕ್ ಇಲ್ಲವೇ ಹವಾಲ್ದಾರ್. ಕರ್ನಲ್ ಸಾಹೇಬರು ದೂರ. ಉಸ್ತಾದ್ ಕಿವಿಯ ಹತ್ತಿರ.

ಸಾಮಾನು ಲೆಕ್ಕ ಬರೆಯುವವರು ಅಂತ ಹಗುರ ಮಾಡಬೇಡಿ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣ್ ಹತ್ತಿರ ಜೀಪಿನ ಮೇಲಿನ ತೋಪಿನಿಂದ ಪಾಕಿಸ್ತಾನದ ಟ್ಯಾಂಕುಗಳನ್ನು ಉರುಳಿಸಿ ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್. 1948ರಲ್ಲಿ ಕಾಶ್ಮೀರದ ತಿಥ್ವಾಲ್‌ನಲ್ಲಿ ಅದೇ ಪದಕ ಪಡೆದ ಪೀರು ಸಿಂಗ್ ಕಂಪನಿ ಹವಾಲ್ದಾರ್ ಮೇಜರ್. ಇಬ್ಬರಿಗೂ ಮರಣೋತ್ತರ.

ಇನ್ನು ಪತ್ರಿಕೆಯ ಮಾತು. ಕಾಕಾನ ಡಿಸ್ಚಾರ್ಜ್ ಬುಕ್ ತೆಗೆದು ನೋಡಿ. ಕೆಲವು ಹವಾಲ್ದಾರರಿಗೆ ನಿವೃತ್ತಿಯ ವೇಳೆಗೆ ಗೌರವ ನಾಯಬ್ ಸುಬೇದಾರ್ ದರ್ಜೆ ಸಿಗುತ್ತದೆ. ಸಿಕ್ಕಿದ್ದರೆ ಅದನ್ನೇ ಹಾಕಿಸಿ. ಇಲ್ಲದಿದ್ದರೆ ‘ಹವಾಲ್ದಾರ್ (ನಿವೃತ್ತ)’. ಪ್ರೆಸ್ಸಿನವರು ‘ಹವಲ್ದಾರ್’ ಅಂತ ದೀರ್ಘ ನುಂಗುತ್ತಾರೆ, ಪ್ರೂಫ್ ಒಮ್ಮೆ ಕಾಕಾನಿಗೇ ತೋರಿಸಿ.